ಗಾಯ ತೊಳೆದ ಸೆರೆಯ ಯಜಮಾನ



ಇಂದಿನ ವಾಕ್ಯಭಾಗ ಅಪೊಸ್ತಲರ ಕೃತ್ಯಗಳು 16ನೆಯ ಅಧ್ಯಾಯ. ಸಂಡೇಸ್ಕೂಲಿನ ದಿನದಿಂದ ನಾವೆಲ್ಲ ಕೇಳುತ್ತ ಬಂದ ಕಥೆ ಅದು. ಫಿಲಿಪ್ಪಿ ಪಟ್ಟಣದ ಸೆರೆಮನೆ, ನಡುರಾತ್ರಿ, ಪೌಲ ಸೀಲರ ಹಾಡು, ಭೂಕಂಪ, ತಾವಾಗಿಯೇ ತೆರೆದುಕೊಂಡ ಬಾಗಿಲುಗಳು. ಆ ಹಾಡಿನ ಮೇಲೆ ನಾನೇ ಎಷ್ಟೋ ಸಲ ಪ್ರಸಂಗ ಮಾಡಿದ್ದೇನೆ. ಇವತ್ತು ಹಾಡಿದವರನ್ನು ಸ್ವಲ್ಪ ಪಕ್ಕಕ್ಕಿಟ್ಟು, ಬೀಗದ ಕೈ ಯಾರ ಸೊಂಟದಲ್ಲಿತ್ತೋ ಆ ಮನುಷ್ಯನನ್ನು ನೋಡೋಣ. ಸೆರೆಯ ಯಜಮಾನ. ಅವನ ಹೆಸರನ್ನು ವೇದ ಹೇಳುವುದಿಲ್ಲ. ಇಂದಿನ ಭಾಷೆಯಲ್ಲಿ ಹೇಳುವುದಾದರೆ ಅವನು ಡ್ಯೂಟಿಯ ಮೇಲಿದ್ದ ಒಬ್ಬ ಅಧಿಕಾರಿ.

ಅವನ ಕೈಗೆ ಆ ಇಬ್ಬರು ಬಂದಾಗ ಅವರ ಸ್ಥಿತಿ ಹೇಗಿತ್ತು? ಪೇಟೆಯಲ್ಲಿ ಎಲ್ಲರೆದುರು ಅವರ ಬಟ್ಟೆ ಹರಿದಿದ್ದರು. ವಿಚಾರಣೆ ಇಲ್ಲ, ತೀರ್ಪು ಇಲ್ಲ, ಅಧಿಕಾರಿಗಳ ಒಂದು ಮಾತಿನ ಮೇಲೆ ಕೋಲಿನಿಂದ ಬಾರಿಸಿದ್ದರು. ಬೆನ್ನು ಒಡೆದಿತ್ತು. ಯಜಮಾನನಿಗೆ ಬಂದ ಆಜ್ಞೆ ಒಂದೇ: ಭದ್ರವಾಗಿ ಇಡು. ಅವನು ಇಟ್ಟ. ಎಲ್ಲಕ್ಕಿಂತ ಒಳಗಿನ ಕೋಣೆಗೆ ದೂಡಿ, ಕಾಲಿಗೆ ಕೋಳ ಹಾಕಿ, ಹೋಗಿ ಮಲಗಿಕೊಂಡ. ಹೌದು, ಮಲಗಿಕೊಂಡ. ಭೂಕಂಪವಾದಾಗ ಅವನು ನಿದ್ದೆಯಿಂದ ಎದ್ದನೆಂದು ಲೂಕನು ಬರೆಯುತ್ತಾನೆ. ರಕ್ತ ಸೋರುವ ಬೆನ್ನಿನವರು ಎಚ್ಚರವಿದ್ದರು, ಅವರನ್ನು ಕಾಯಬೇಕಾದವನಿಗೆ ನಿದ್ದೆ ಹತ್ತಿತ್ತು.

ಎದ್ದು ನೋಡಿದರೆ ಬಾಗಿಲು ತೆರೆದಿದೆ. ತಕ್ಷಣ ಕತ್ತಿ ಹಿರಿದ, ತನ್ನನ್ನೇ ಕೊಂದುಕೊಳ್ಳಲು. ಯಾಕೆ? ಖೈದಿ ತಪ್ಪಿಸಿಕೊಂಡರೆ ಕಾವಲುಗಾರನ ತಲೆ ಹೋಗುತ್ತದೆ ಎಂಬುದು ಅವನಿಗೆ ಗೊತ್ತಿತ್ತು. ನಾಲ್ಕು ಅಧ್ಯಾಯ ಹಿಂದೆ ಹೋಗಿ ನೋಡಿ. ಪೇತ್ರನು ಸೆರೆಯಿಂದ ಹೊರಬಂದಾಗ ಹೆರೋದನು ಕಾವಲುಗಾರರಿಗೆ ಮರಣದಂಡನೆ ಕೊಟ್ಟ. ಆದರೆ ಖೈದಿಯ ಬೆನ್ನು ಒಡೆದಿದ್ದರೆ? ಜ್ವರ ಬಂದು ಬೆಳಗಾಗುವುದರೊಳಗೆ ಅವನು ಸತ್ತುಹೋಗಿದ್ದರೆ? ಅದಕ್ಕಾಗಿ ಆ ರಾತ್ರಿ ಯಾವ ಕತ್ತಿಯೂ ಒರೆಯಿಂದ ಹೊರಬರುತ್ತಿರಲಿಲ್ಲ. ಓಡಿಹೋದ ಖೈದಿಗೆ ಲೆಕ್ಕವಿತ್ತು, ಸತ್ತವನಿಗೆ ಇರಲಿಲ್ಲ. ಎರಡು ಸಾವಿರ ವರ್ಷ ಕಳೆದರೂ ಈ ಲೆಕ್ಕ ಪೂರ್ತಿ ಬದಲಾಗಿದೆಯೇ ಎಂದು ನನ್ನನ್ನು ನಾನೇ ಕೇಳಿಕೊಳ್ಳುತ್ತಿದ್ದೇನೆ.

ಡಿಸೆಂಬರ್ ಬಂದರೆ ನಮ್ಮ ಬೆಳಗಾವಿಯಲ್ಲಿ ಎರಡು ತಯಾರಿ ಒಟ್ಟಿಗೇ ನಡೆಯುತ್ತವೆ. ನಮ್ಮ ಮನೆಗಳಲ್ಲಿ ಕ್ರಿಸ್ಮಸ್ ನಕ್ಷತ್ರ ತೂಗುತ್ತೇವೆ, ಸುವರ್ಣ ವಿಧಾನಸೌಧದಲ್ಲಿ ಚಳಿಗಾಲದ ಅಧಿವೇಶನ ಸೇರುತ್ತದೆ. ಬೇರೆ ಬೇರೆ ಜಿಲ್ಲೆಗಳಿಂದ ಬಂದೋಬಸ್ತಿಗೆ ಬಂದ ಪೊಲೀಸರು ಚಳಿಯಲ್ಲಿ ನಿಂತಿರುತ್ತಾರೆ. 2024ರ ಡಿಸೆಂಬರ್ 19ರ ರಾತ್ರಿ ನಿಮಗೆ ನೆನಪಿರಬೇಕು. ಸಚಿವೆ ಲಕ್ಷ್ಮೀ ಹೆಬ್ಬಾಳಕರ ಅವರ ಬಗ್ಗೆ ವಿಧಾನ ಪರಿಷತ್ತಿನಲ್ಲಿ ಅವಾಚ್ಯ ಶಬ್ದ ಬಳಸಿದರೆಂಬ ದೂರಿನ ಮೇಲೆ ಪರಿಷತ್ ಸದಸ್ಯ ಸಿ.ಟಿ. ರವಿ ಅವರನ್ನು ಪೊಲೀಸರು ಬಂಧಿಸಿದರು. ಅವರು ಆ ಆರೋಪವನ್ನು ಅಲ್ಲಗಳೆದರು. ಅವರನ್ನು ಖಾನಾಪುರ ಠಾಣೆಗೆ ಕರೆದೊಯ್ದರು. ತಲೆಗೆ ಗಾಯವಾಗಿ ಬ್ಯಾಂಡೇಜ್ ಕಟ್ಟಿದ್ದನ್ನು ಎಲ್ಲರೂ ಟೀವಿಯಲ್ಲಿ ಕಂಡರು. ಆಮೇಲೆ ಪೊಲೀಸ್ ವಾಹನ ಅವರನ್ನು ಕೂರಿಸಿಕೊಂಡು ಊರಿಂದೂರಿಗೆ ರಾತ್ರಿಯೆಲ್ಲ ತಿರುಗಿತು. ಭದ್ರತೆಗಾಗಿ ಹಾಗೆ ಮಾಡಿದೆವು ಎಂದು ಪೊಲೀಸರು ಹೇಳಿದರು. ನನ್ನ ಜೀವಕ್ಕೇ ಅಪಾಯವಿತ್ತು ಎಂದು ರವಿ ಹೇಳಿದರು. ಮರುದಿನ ಬೆಳಗಾವಿಯ ನ್ಯಾಯಾಲಯದ ಮುಂದೆ ಹಾಜರುಪಡಿಸಿದರು. ಬಂಧನದ ಕ್ರಮ ಮೇಲ್ನೋಟಕ್ಕೆ ಸರಿಯಾಗಿ ಪಾಲನೆಯಾಗಿಲ್ಲವೆಂದು ಹೇಳಿ ಹೈಕೋರ್ಟ್ ಅಂದೇ ಬಿಡುಗಡೆಗೆ ಆದೇಶಿಸಿತು.

ನಾನು ಈ ಪೀಠದಿಂದ ಯಾವ ಪಕ್ಷದ ಮಾತನ್ನೂ ಆಡುವುದಿಲ್ಲ. ಹೆಣ್ಣುಮಗಳ ಮಾನದ ಪ್ರಶ್ನೆಯನ್ನು ಹಗುರ ಮಾಡುವವನೂ ಅಲ್ಲ, ಅದು ನ್ಯಾಯಾಲಯದಲ್ಲಿ ತೀರ್ಮಾನವಾಗಲಿ. ಆದರೆ ಆ ರಾತ್ರಿ ಇಡೀ ರಾಜ್ಯ ಒಂದು ಪ್ರಶ್ನೆ ಕೇಳಿತು: ಅವರನ್ನು ಎಲ್ಲಿಗೆ ಕರೆದೊಯ್ಯುತ್ತಿದ್ದಾರೆ? ಅದು ನ್ಯಾಯವಾದ ಪ್ರಶ್ನೆ. ಶಾಸಕರಿಗೆ ಆ ಪ್ರಶ್ನೆ ಕೇಳಲು ಪಕ್ಷವಿತ್ತು, ವಕೀಲರಿದ್ದರು, ಹಿಂದೆ ಕ್ಯಾಮೆರಾಗಳು ಓಡುತ್ತಿದ್ದವು. ಹೀಗಿದ್ದೂ ಅವರಿಗೆ ಭಯವಾಯಿತು. ಇವು ಯಾವುವೂ ಇಲ್ಲದ ಒಬ್ಬ ಗೌಂಡಿ, ಒಬ್ಬ ಕಬ್ಬು ಕಡಿಯುವವ, ಕಾಡಂಚಿನ ಒಂದು ವಾಡೆಯ ಹುಡುಗ ಅದೇ ರಸ್ತೆಯಲ್ಲಿ ಜೀಪಿನ ಹಿಂಬದಿಯಲ್ಲಿ ಕುಳಿತಿದ್ದರೆ? ಅವನ ಪರವಾಗಿ ಎಲ್ಲಿಗೆ ಎಂದು ಯಾರು ಕೇಳುತ್ತಾರೆ?

ಕೇಳುವವಳು ಅವನ ತಾಯಿ. ನಾನು ನೋಡಿದ್ದೇನೆ. ಬಹಳ ವರ್ಷಗಳ ಹಿಂದಿನ ಮಾತು, ಯಾವ ಠಾಣೆ ಎಂದು ಹೇಳುವುದು ಬೇಡ. ನಮ್ಮ ಸಭೆಯ ಒಬ್ಬ ತಾಯಿ ನಸುಕಿನಲ್ಲಿ ಬಂದು ನನ್ನ ಬಾಗಿಲು ಬಡಿದಳು. ಮಗನನ್ನು ರಾತ್ರಿ ಎತ್ತಿಕೊಂಡು ಹೋಗಿದ್ದಾರೆ, ಯಾರು ಯಾಕೆ ಗೊತ್ತಿಲ್ಲ. ಇಬ್ಬರೂ ಹೋದೆವು. ಅವಳ ಕೈಯಲ್ಲಿ ಬಟ್ಟೆಯಲ್ಲಿ ಕಟ್ಟಿದ ಬುತ್ತಿ, ಜೋಳದ ರೊಟ್ಟಿ, ಶೇಂಗಾ ಚಟ್ನಿ. ಠಾಣೆಯ ಹೊರಗಿನ ಕಟ್ಟೆಯ ಮೇಲೆ ಅವಳು ಬೆಳಿಗ್ಗೆಯಿಂದ ಕೂತಳು. ಒಳಗೆ ಕೇಳಿದರೆ ಅಂಥವನು ಇಲ್ಲಿಲ್ಲ ಎಂಬ ಉತ್ತರ. ಮಧ್ಯಾಹ್ನ ಕೇಳಿದರೂ ಅದೇ. ಅವಳು ನನಗೆ ಹೇಳಿದ್ದು ಇಷ್ಟೇ: “ಅಯ್ಯನವರ, ಬಿಡ್ರಿ ಅಂತ ಕೇಳಬ್ಯಾಡ್ರಿ. ಅದಾನೋ ಇಲ್ಲೋ ಅಷ್ಟ ಕೇಳ್ರಿ.” ಹೊತ್ತು ಮುಳುಗುವಾಗ ವಯಸ್ಸಾದ ಒಬ್ಬ ಹವಾಲ್ದಾರರು ಹೊರಗೆ ಬಂದು, ಬೂಟಿನ ಲೇಸು ಕಟ್ಟುವವರ ಹಾಗೆ ಬಗ್ಗಿ, ಅವಳ ಕಡೆ ನೋಡದೆಯೇ ಹೇಳಿದರು: “ಯವ್ವಾ, ನಿನ್ನ ಮಗ ಒಳಗ ಅದಾನ. ಚಾ ಕುಡದಾನ. ಬುತ್ತಿ ಕೊಡ ಇಲ್ಲೆ.” ಅವಳು ಬುತ್ತಿ ಕೊಟ್ಟು ಗೋಡೆಗೆ ಆತು ಗಳಗಳನೆ ಅತ್ತಳು. ಮೂರನೆಯ ದಿನ ಆ ಹುಡುಗ ಕುಂಟುತ್ತ ಮನೆಗೆ ಬಂದ. ಅವನ ಮೇಲೆ ಯಾವ ಕೇಸೂ ಆಗಲಿಲ್ಲ. ಠಾಣೆಯ ಯಾವ ಪುಸ್ತಕದಲ್ಲೂ ಅವನ ಹೆಸರಿರಲಿಲ್ಲ. ಆ ಮೂರು ದಿನಗಳಲ್ಲಿ ಅವನಿಗೆ ಏನಾದರೂ ಆಗಿದ್ದರೆ ಅವನು ಅಲ್ಲಿಗೆ ಹೋಗಿಯೇ ಇರಲಿಲ್ಲ ಎಂದಾಗುತ್ತಿತ್ತು. ನಾವಿಬ್ಬರು ಕಟ್ಟೆಯ ಮೇಲೆ ಕೂತದ್ದು ಬಿಟ್ಟರೆ ಬೇರೆ ಸಾಕ್ಷಿ ಇರಲಿಲ್ಲ.

ಎಲ್ಲರ ಮಕ್ಕಳೂ ಕುಂಟುತ್ತಲಾದರೂ ಮನೆಗೆ ಬರುವುದಿಲ್ಲ. 2022ರ ನವೆಂಬರಿನಲ್ಲಿ ಬೆಳಗಾವಿ ಗ್ರಾಮೀಣ ಪೊಲೀಸರ ವಶದಲ್ಲಿದ್ದ ಹುಕ್ಕೇರಿ ತಾಲೂಕಿನ ಒಬ್ಬರು ತೀರಿಕೊಂಡರು. ಆರೋಗ್ಯ ಕೆಟ್ಟಿತ್ತು ಎಂದು ಪೊಲೀಸರು ಹೇಳಿದರು. ಮನೆಯವರು ಅದನ್ನು ಒಪ್ಪಲಿಲ್ಲ. ತನಿಖೆ ಸಿಐಡಿಗೆ ಹೋಯಿತು. ನಾನು ಇಲ್ಲಿ ಯಾರ ಮೇಲೂ ತೀರ್ಪು ಕೊಡುವುದಿಲ್ಲ, ಅದು ನನ್ನ ಕೆಲಸವಲ್ಲ. ಸಾವಿನ ಸುದ್ದಿ ಬಂದ ಮನೆಯಲ್ಲಿ ಏನು ನಡೆಯುತ್ತದೆ ಎಂಬುದನ್ನು ಮಾತ್ರ ನೋಡೋಣ.

ಆದಿಕಾಂಡದಲ್ಲಿ ಯೋಸೇಫನ ಅಣ್ಣಂದಿರು ತಂದೆಯ ಬಳಿ ಏನು ತೆಗೆದುಕೊಂಡು ಬಂದರು? ಒಂದು ನಿಲುವಂಗಿ. ಹೋತದ ರಕ್ತದಲ್ಲಿ ಅದ್ದಿದ್ದು. ಇದು ನಮಗೆ ಸಿಕ್ಕಿತು, ನಿನ್ನ ಮಗನದೋ ನೋಡು ಎಂದರು. ಅವನು ಸತ್ತನೆಂದು ಅವರು ಹೇಳಲೂ ಇಲ್ಲ, ನೋಡಿ. ದುಷ್ಟಮೃಗ ತಿಂದಿತು ಎಂಬ ಮಾತನ್ನು ತಂದೆಯ ಬಾಯಿಂದಲೇ ಬರಿಸಿದರು. ಯಾಕೋಬನ ಬಳಿ ಮರಣೋತ್ತರ ಪರೀಕ್ಷೆಯ ವರದಿ ಇರಲಿಲ್ಲ. ಹುಡುಗ ಕೊನೆಯ ಸಲ ಯಾರ ಕೈಯಲ್ಲಿದ್ದನೋ ಅವರೇ ಕಥೆ ಹೇಳುವವರಾಗಿದ್ದರು. ವಶದಲ್ಲಾಗುವ ಸಾವಿನ ಸಂಕಟ ಇದೇ. ನಡೆದದ್ದನ್ನು ಬಲ್ಲವರು ಎರಡೇ ಪಕ್ಷ. ಒಂದು ಪಕ್ಷ ಸತ್ತಿರುತ್ತದೆ, ಇನ್ನೊಂದು ಪಕ್ಷ ಕಾಗದ ಬರೆಯುತ್ತದೆ. ಎದೆನೋವು ಬಂತು, ನೇಣು ಹಾಕಿಕೊಂಡ, ತಪ್ಪಿಸಿಕೊಂಡು ಓಡುವಾಗ ಬಿದ್ದ. ಇವೆಲ್ಲ ಕೆಲವು ಸಲ ನಿಜವೂ ಇರಬಹುದು. ನಿಜ ಎಂದು ತೋರಿಸುವ ಭಾರ ಮಾತ್ರ ಅಂಗಿ ತಂದವರ ಮೇಲಿರಬೇಕು, ಅಳುವ ತಂದೆಯ ಮೇಲಲ್ಲ.

ಒಡಿಶಾದ ಒಬ್ಬ ತಾಯಿ ಇದನ್ನು ಸುಪ್ರೀಂ ಕೋರ್ಟಿನವರೆಗೆ ಒಯ್ದಳು. ಅವಳ ಹೆಸರು ನೀಲಾಬತಿ ಬೆಹೆರಾ. 1987ರ ಡಿಸೆಂಬರ್ 1ರ ಬೆಳಿಗ್ಗೆ 22 ವರ್ಷದ ಮಗನನ್ನು ಪೊಲೀಸರು ಮನೆಯಿಂದ ಕರೆದೊಯ್ದರು. ಮರುದಿನ ಮಧ್ಯಾಹ್ನ ಅವನ ಶವ ರೈಲು ಹಳಿಯ ಮೇಲೆ ಸಿಕ್ಕಿತು, ಮೈತುಂಬ ಗಾಯ. ತಪ್ಪಿಸಿಕೊಂಡು ಹೋಗಿ ರೈಲಿಗೆ ಸಿಕ್ಕಿದ ಎಂಬುದು ಪೊಲೀಸರ ಕಥೆ. ಅವಳು ಸುಪ್ರೀಂ ಕೋರ್ಟಿಗೆ ಒಂದು ಪತ್ರ ಬರೆದಳು. ನ್ಯಾಯಾಲಯ ಆ ಪತ್ರವನ್ನೇ ಅರ್ಜಿ ಎಂದು ಸ್ವೀಕರಿಸಿತು. ರೈಲಿನ ಕಥೆ ನಂಬುವಂಥದ್ದಲ್ಲ, ಆ ಹುಡುಗ ಪೊಲೀಸರ ಕೈಯಲ್ಲೇ ಸತ್ತ ಎಂದು 1993ರಲ್ಲಿ ತೀರ್ಮಾನಿಸಿ, ತಾಯಿಗೆ 1,50,000 ರೂಪಾಯಿ ಪರಿಹಾರ ಕೊಡಬೇಕೆಂದು ಸರ್ಕಾರಕ್ಕೆ ಹೇಳಿತು. ವಶಕ್ಕೆ ತೆಗೆದುಕೊಂಡ ಸರ್ಕಾರ ಜೀವಕ್ಕೂ ಹೊಣೆ ಎಂಬ ಮಾತಿಗೆ ನಮ್ಮ ದೇಶದಲ್ಲಿ ಬುನಾದಿ ಬಿದ್ದದ್ದು ಆ ತಾಯಿಯ ಪತ್ರದಿಂದ.

ಹೊಣೆ ಎಂಬ ಮಾತು ಯೋಸೇಫನ ಕಥೆಯಲ್ಲೂ ಮುಂದೆ ಬರುತ್ತದೆ. ತಮ್ಮನನ್ನು ಮಾರಿಬಿಡೋಣ ಎಂದಿದ್ದ ಅದೇ ಯೆಹೂದ, ವರ್ಷಗಳ ನಂತರ ಬೆನ್ಯಾಮೀನನನ್ನು ಐಗುಪ್ತಕ್ಕೆ ಕರೆದೊಯ್ಯುವಾಗ ತಂದೆಗೆ ಮಾತು ಕೊಡುತ್ತಾನೆ: ಇವನಿಗೆ ನಾನು ಹೊಣೆ, ಇವನನ್ನು ನನ್ನ ಕೈಯಿಂದ ಕೇಳು. ಕಸ್ಟಡಿ ಎಂಬ ಇಂಗ್ಲಿಷ್ ಶಬ್ದಕ್ಕೆ ಇದಕ್ಕಿಂತ ಸ್ಪಷ್ಟವಾದ ಅರ್ಥ ನನಗೆ ಎಲ್ಲೂ ಸಿಕ್ಕಿಲ್ಲ. ಠಾಣೆಯ ಮೆಟ್ಟಿಲು ಹತ್ತಿಸಿದ ಕ್ಷಣದಿಂದ ಆ ಮನುಷ್ಯನನ್ನು ಆ ಕೈಯಿಂದಲೇ ಕೇಳಬೇಕು. ಅವನು ಕಳ್ಳನೋ ಕೊಲೆಗಾರನೋ ನಿರಪರಾಧಿಯೋ ಎಂಬುದು ಬೇರೆ ಪ್ರಶ್ನೆ.

ಕಾನೂನು ಇದನ್ನೇ ಹೇಳುತ್ತದೆ. 1996ರ ಡಿಸೆಂಬರ್ 18ರಂದು ಡಿ.ಕೆ. ಬಸು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹನ್ನೊಂದು ನಿಯಮ ಹಾಕಿತು. ಬಂಧಿಸುವ ಪೊಲೀಸರ ಎದೆಯ ಮೇಲೆ ಹೆಸರಿನ ಪಟ್ಟಿ ಇರಬೇಕು. ಬಂಧನದ ಮೆಮೊ ಬರೆದು ಮನೆಯವರೋ ಊರಿನ ಒಬ್ಬ ಗೌರವಸ್ಥರೋ ಸಹಿ ಮಾಡಬೇಕು. ಎಲ್ಲಿಟ್ಟಿದ್ದಾರೆ ಎಂದು ಮನೆಗೆ ತಿಳಿಸಬೇಕು. ಮೈಮೇಲಿನ ಗಾಯಗಳನ್ನು ಬರೆದಿಡಬೇಕು, 48 ಗಂಟೆಗೊಮ್ಮೆ ವೈದ್ಯರು ನೋಡಬೇಕು. ಇಷ್ಟು ವಿವರವಾಗಿ ಹೇಳಿ 28 ವರ್ಷ ಒಂದು ದಿನ ಆಗಿತ್ತು, ಆ ಖಾನಾಪುರದ ರಾತ್ರಿ ಬಂದಾಗ. 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕೆಂದು ಸಂವಿಧಾನವೇ ಹೇಳುತ್ತದೆ. ವಶದಲ್ಲಿ ಸಾವಾದರೆ ಪೊಲೀಸರ ತನಿಖೆ ಸಾಲದು, ಮ್ಯಾಜಿಸ್ಟ್ರೇಟರೇ ವಿಚಾರಣೆ ಮಾಡಬೇಕೆಂಬ ನಿಯಮ 2006ರಿಂದ ಜಾರಿಯಲ್ಲಿದೆ, ಅಪರಾಧ ಪ್ರಕ್ರಿಯೆಯ ಹೊಸ ಸಂಹಿತೆಯಲ್ಲೂ ಇದೆ. ಪ್ರತಿ ಠಾಣೆಯಲ್ಲೂ ಧ್ವನಿಸಹಿತ ಸಿಸಿಟಿವಿ ಇರಬೇಕೆಂದು 2020ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಆದೇಶಿಸಿತು. ಇನ್ನು ಹೊಡೆದು ಬಾಯಿ ಬಿಡಿಸಿದ ತಪ್ಪೊಪ್ಪಿಗೆ: ಪೊಲೀಸರ ಮುಂದೆ ಹೇಳಿದ ತಪ್ಪೊಪ್ಪಿಗೆಗೆ ನ್ಯಾಯಾಲಯದಲ್ಲಿ ಬೆಲೆಯೇ ಇಲ್ಲ. ಹಾಗಾದರೆ ಆ ಹೊಡೆತ ಯಾತಕ್ಕೆ?

ಆ ಪ್ರಶ್ನೆಗೆ ಉತ್ತರ ನಮ್ಮ ಬೆಂಚುಗಳಲ್ಲೂ ಇದೆ, ಪ್ರಿಯರೇ. ಓಣಿಯಲ್ಲಿ ಬೈಕ್ ಕಳವಾಗಿ ಒಬ್ಬ ಹುಡುಗ ಸಿಕ್ಕರೆ ನಾವು ಏನು ಅನ್ನುತ್ತೇವೆ? “ನಾಕ ಬಿಡ್ರಿ ಸಾಹೇಬರ, ಆವಾಗ ಬುದ್ಧಿ ಬರತೈತಿ.” ಸಿನಿಮಾದಲ್ಲಿ ಹೀರೊ ಲಾಕಪ್ಪಿನಲ್ಲಿ ಬಾರಿಸಿದರೆ ಸಿಳ್ಳೆ ಹೊಡೆಯುತ್ತೇವೆ. ಸತ್ತವನ ಹೆಸರು ನಮ್ಮ ಕುಲದ್ದಲ್ಲ, ನಮ್ಮ ಧರ್ಮದ್ದಲ್ಲ ಎಂದಾದರೆ ಪೇಪರಿನ ಪುಟ ತಿರುವುತ್ತೇವೆ. ಫಿಲಿಪ್ಪಿಯಲ್ಲೂ ಜನರ ಗುಂಪು ಅಧಿಕಾರಿಗಳ ಜೊತೆ ಸೇರಿಕೊಂಡಿತ್ತು ಎಂದು ವೇದ ಹೇಳುತ್ತದೆ. ಕೋಲು ಹಿಡಿದವರು ಕೆಲವರು, ಹೊಡೆಯಿರಿ ಎಂದವರು ಊರು.

ನಮ್ಮವರನ್ನೂ ಹೊಡೆದ ಕಾಲವಿತ್ತು. ತುರ್ತು ಪರಿಸ್ಥಿತಿಯಲ್ಲಿ, 1976ರ ಮೇ 1ರಂದು, ಜಾರ್ಜ್ ಫರ್ನಾಂಡಿಸರು ಸಿಗಲಿಲ್ಲವೆಂದು ಅವರ ತಮ್ಮ ಲಾರೆನ್ಸರನ್ನು ಬೆಂಗಳೂರಿನಲ್ಲಿ ಹಿಡಿದು, ದಿನಗಟ್ಟಲೆ ದಾಖಲೆಯಿಲ್ಲದೆ ಇಟ್ಟು ಚಿತ್ರಹಿಂಸೆ ಕೊಟ್ಟರು. ತಾಯಿ ಆಲಿಸ್ ರಾಷ್ಟ್ರಪತಿಗೆ ಪತ್ರ ಬರೆದರು. ಮಗ ಜೀವಂತವಾಗಿ ಹೊರಬಂದರು. ಅದೇ ತಿಂಗಳು ಬಂಧಿತರಾದ ಸ್ನೇಹಲತಾ ರೆಡ್ಡಿ, ‘ಸಂಸ್ಕಾರ’ ಚಿತ್ರದಲ್ಲಿ ಚಂದ್ರಿಯ ಪಾತ್ರ ಮಾಡಿದ ಕಲಾವಿದೆ, ಉಬ್ಬಸದ ರೋಗಿ. ಬೆಂಗಳೂರಿನ ಜೈಲಿನಲ್ಲಿ ಎಂಟು ತಿಂಗಳು ಉಸಿರಿಗಾಗಿ ಒದ್ದಾಡಿದರು. 1977ರ ಜನವರಿ 15ರಂದು ಪೆರೋಲಿನ ಮೇಲೆ ಬಿಟ್ಟರು, 20ರಂದು ತೀರಿಕೊಂಡರು. ರಿಜಿಸ್ಟರಿನ ಪ್ರಕಾರ ಅದು ಜೈಲಿನೊಳಗಿನ ಸಾವಲ್ಲ. ದೇವರ ಪುಸ್ತಕದಲ್ಲಿ ಅದನ್ನು ಯಾವ ಪುಟದಲ್ಲಿ ಬರೆದಿರುತ್ತಾರೆಂದು ನಾನು ಯೋಚಿಸುತ್ತೇನೆ. ಹೊಡೆದಾಗ ಮಾತ್ರ ಹೊಣೆ ಬರುತ್ತದೆ ಎಂದಲ್ಲ. ಕೇಳಿದ ಔಷಧಿ ಕೊಡದೆ, ಕರೆದಾಗ ಡಾಕ್ಟರನ್ನು ಕರೆಸದೆ, ನಾಟಕ ಮಾಡುತ್ತಾನೆ ಎಂದು ಮಲಗಿಕೊಂಡರೂ ಬರುತ್ತದೆ.

ಈ ಸಭೆಯಲ್ಲಿ ಪೊಲೀಸ್ ಇಲಾಖೆಯ ಕುಟುಂಬಗಳಿವೆ. ನಿಮ್ಮ ಮುಖ ನೋಡಿಕೊಂಡೇ ಈ ಮಾತು ಹೇಳುತ್ತಿದ್ದೇನೆ, ನಿಮ್ಮ ಮೇಲಿನ ಪ್ರೀತಿಯಿಂದ. ಹಬ್ಬದ ದಿನ ನಿಮ್ಮ ಕುರ್ಚಿ ಖಾಲಿ ಇರುತ್ತದೆ. ರಿಕವರಿ ಎಲ್ಲಿ ಎಂದು ಮೇಲಿನವರು ಬೆನ್ನು ಹತ್ತಿರುತ್ತಾರೆ, ಅವರ ಬೆನ್ನನ್ನು ಇನ್ನೂ ಮೇಲಿನವರು ಹತ್ತಿರುತ್ತಾರೆ. ಏನಾದರೂ ಆದರೆ ಮೊದಲು ಅಮಾನತಾಗುವವರು ಕಾನ್‌ಸ್ಟೆಬಲ್‌ಗಳು, ಆಜ್ಞೆ ಕೊಟ್ಟ ಬಾಯಿ ಸುಮ್ಮನಿರುತ್ತದೆ. ಇದು ಅನ್ಯಾಯ, ನಾನು ಒಪ್ಪುತ್ತೇನೆ. ಆದರೂ ಕೇಳಿ: ತಪ್ಪೊಪ್ಪಿಗೆಗಾಗಿ ಹೊಡೆದು ಗಾಯ ಮಾಡಿದವರಿಗೆ ಏಳು ವರ್ಷದವರೆಗೆ ಸೆರೆವಾಸ, ತೀವ್ರ ಗಾಯವಾದರೆ ಹತ್ತು ವರ್ಷದವರೆಗೆ. ಸಾಹೇಬರು ಹೇಳಿದರು ಎಂಬ ಉತ್ತರ ಅಲ್ಲಿ ನಡೆಯುವುದಿಲ್ಲ. ಕರ್ತನ ಮುಂದೆಯೂ ನಡೆಯುವುದಿಲ್ಲ. ನನ್ನ ಕಣ್ಣಿಗೆ ಕಟ್ಟಿದ ಪೊಲೀಸ್ ಇಲಾಖೆ ಎಂದರೆ ಬೂಟಿನ ಲೇಸು ಕಟ್ಟುತ್ತ ಆ ತಾಯಿಗೆ ನಿಜ ಹೇಳಿದ ಹವಾಲ್ದಾರರು. ಕದ್ದು ಹೇಳಬೇಕಾಯಿತಲ್ಲ ಎಂಬುದೇ ನನ್ನ ದುಃಖ.

ಫಿಲಿಪ್ಪಿಗೆ ಮರಳೋಣ. ಪೌಲನು ಕೂಗಿ ತಡೆದ ಮೇಲೆ ಸೆರೆಯ ಯಜಮಾನ ದೀಪ ತರಿಸಿದ. ಅದುವರೆಗೆ ಆ ಕೋಣೆಯಲ್ಲಿ ಬೆಳಕಿರಲಿಲ್ಲ, ಗಾಯಗಳನ್ನು ಅವನು ನೋಡಿಯೇ ಇರಲಿಲ್ಲ. ಅದೇ ರಾತ್ರಿ, ಅದೇ ಹೊತ್ತಿನಲ್ಲಿ, ಅವರನ್ನು ಹೊರಗೆ ಕರೆತಂದು ಅವರ ಗಾಯಗಳನ್ನು ತೊಳೆದ. ಆ ಮೇಲೆಯೇ ಅವನಿಗೆ ದೀಕ್ಷಾಸ್ನಾನ. ಕ್ರಮವನ್ನು ಗಮನಿಸಿ: ಮೊದಲು ಅವನು ಅವರನ್ನು ತೊಳೆದ, ನಂತರ ಅವರು ಅವನನ್ನು ತೊಳೆದರು. ಪಿಲಾತನೂ ನೀರು ತರಿಸಿದ್ದ, ತನ್ನ ವಶದಲ್ಲಿದ್ದ ನಿರಪರಾಧಿಯನ್ನು ಒಪ್ಪಿಸಿಕೊಡುವಾಗ. ಅವನು ತೊಳೆದುಕೊಂಡದ್ದು ತನ್ನ ಕೈಗಳನ್ನು.

ಬೆಳಗಾದ ಮೇಲೆ ಅಧಿಕಾರಿಗಳು ಸಿಪಾಯಿಗಳ ಕೈಯಲ್ಲಿ ಹೇಳಿಕಳಿಸಿದರು, ಆ ಮನುಷ್ಯರನ್ನು ಬಿಟ್ಟುಬಿಡು ಎಂದು. ನಾವಾಗಿದ್ದರೆ ಬದುಕಿದೆಯಾ ಬಡಜೀವವೇ ಎಂದು ಹೊರಟುಬಿಡುತ್ತಿದ್ದೆವು. ಪೌಲ ಹೊರಡಲಿಲ್ಲ. ರೋಮಾಪುರದ ಹಕ್ಕುದಾರರಾದ ನಮ್ಮನ್ನು ವಿಚಾರಣೆಯಿಲ್ಲದೆ ಎಲ್ಲರೆದುರು ಹೊಡೆಸಿ, ಈಗ ಗುಟ್ಟಾಗಿ ಕಳಿಸುತ್ತಾರೋ, ಅವರೇ ಬಂದು ಕರೆದುಕೊಂಡು ಹೋಗಲಿ ಎಂದ. ಅಧಿಕಾರಿಗಳು ಬಂದರು, ವಿನಯದಿಂದ ಮಾತಾಡಿದರು. ಕ್ಷಮೆ ಕ್ರೈಸ್ತನ ಧರ್ಮ ಎಂದು ಹೇಳಿ ನ್ಯಾಯ ಕೇಳುವವರ ಬಾಯಿ ಮುಚ್ಚಿಸುವವರು ಈ ವಚನಗಳನ್ನು ಓದಬೇಕು. ಪೌಲನಲ್ಲಿ ಸೇಡು ಇರಲಿಲ್ಲ. ಸೆರೆಯ ಯಜಮಾನನ ಮನೆಯಲ್ಲೇ ಊಟ ಮಾಡಿದ್ದ. ಆದರೂ ಆಜ್ಞೆ ಕೊಟ್ಟವರು ಬಂದು ನಿಲ್ಲಬೇಕೆಂದು ಹಟ ಹಿಡಿದ. ಅವನು ಆ ಸೆರೆಮನೆಗೆ ಬೆಂಕಿಯನ್ನೂ ಹಚ್ಚಲಿಲ್ಲ. 2024ರ ಮೇ ತಿಂಗಳಲ್ಲಿ ದಾವಣಗೆರೆ ಜಿಲ್ಲೆಯ ಚನ್ನಗಿರಿಯಲ್ಲಿ ಠಾಣೆಗೆ ಕರೆತಂದಿದ್ದ ಒಬ್ಬ ಯುವಕ ತೀರಿಕೊಂಡಾಗ ಗುಂಪು ಠಾಣೆಯ ಮೇಲೆ ಬಿದ್ದು ಪೊಲೀಸರನ್ನು ಗಾಯಗೊಳಿಸಿತು. ಆ ಕೋಪ ನನಗೆ ಅರ್ಥವಾಗುತ್ತದೆ, ಆ ಕಲ್ಲು ಅರ್ಥವಾಗುವುದಿಲ್ಲ. ಅಂದು ಗಾಯಗೊಂಡ ಪೊಲೀಸರಿಗೂ ಮನೆಯಲ್ಲಿ ಕಾಯುವ ತಾಯಂದಿರಿದ್ದರು.

ನಾವು ಮಾಡಬಹುದಾದದ್ದು ಇದೆ. ಜಾನ್ ವೆಸ್ಲಿ ಮತ್ತು ಅವರ ಗೆಳೆಯರು 1730ರಲ್ಲೇ ಆಕ್ಸ್‌ಫರ್ಡಿನ ಸೆರೆಮನೆಗೆ ಹೋಗಿ ಖೈದಿಗಳನ್ನು ನೋಡುತ್ತಿದ್ದರು. ಮೆಥೋಡಿಸ್ಟ್ ಸಭೆಗೆ ಇನ್ನೂ ಗುಡಿಯಿರಲಿಲ್ಲ, ಸೆರೆಮನೆಯ ದಾರಿ ಮಾತ್ರ ಗೊತ್ತಿತ್ತು. ನಮಗೆ ಹಿಂಡಲಗಾ ಜೈಲು ಎಷ್ಟು ದೂರ? ಖಾನಾಪುರ ಎಷ್ಟು ದೂರ, ಸುಮಾರು 25 ಕಿಲೋಮೀಟರ್. ನಮ್ಮ ಸಭೆಯಲ್ಲಿ ವಕೀಲರಿದ್ದಾರೆ, ನರ್ಸುಗಳಿದ್ದಾರೆ, ನಿವೃತ್ತ ಮಾಸ್ತರರಿದ್ದಾರೆ. ಯಾವುದೇ ಮನೆಯವರನ್ನು ಪೊಲೀಸರು ಕರೆದೊಯ್ದರೆ, ಹಿಂದೂ, ಮುಸಲ್ಮಾನ, ಕ್ರೈಸ್ತ ಎಂದು ನೋಡದೆ, ಆ ತಾಯಿಯ ಜೊತೆ ಠಾಣೆಯ ಕಟ್ಟೆಯ ಮೇಲೆ ಇಬ್ಬರು ಹೋಗಿ ಕೂರಬೇಕು. ಜಗಳ ಬೇಡ, ಘೋಷಣೆ ಬೇಡ. ಅವನು ಇದ್ದಾನೆಯೇ, ಮೆಮೊ ಬರೆದಿದ್ದಾರೆಯೇ, ಡಾಕ್ಟರು ನೋಡಿದ್ದಾರೆಯೇ, ಮ್ಯಾಜಿಸ್ಟ್ರೇಟರ ಮುಂದೆ ಯಾವಾಗ ಎಂದು ವಿನಯದಿಂದ ಕೇಳಿ, ಉತ್ತರವನ್ನು ವೇಳೆಸಹಿತ ಬರೆದುಕೊಳ್ಳಬೇಕು. ವಶದಲ್ಲಿರುವ ಯಾರಿಗೇ ಆಗಲಿ, ಆದಾಯ ಎಷ್ಟೇ ಇರಲಿ, ಸರ್ಕಾರದ ಖರ್ಚಿನಲ್ಲಿ ವಕೀಲರು ಸಿಗುತ್ತಾರೆ. ಕಾನೂನು ಸೇವಾ ಪ್ರಾಧಿಕಾರದ ಸಹಾಯವಾಣಿ 15100. ಇಂದು ಮನೆಗೆ ಹೋದ ಮೇಲೆ ಈ ಸಂಖ್ಯೆಯನ್ನು ಅಡುಗೆಮನೆಯ ಕ್ಯಾಲೆಂಡರಿನ ಮೇಲೆ ಬರೆದಿಡಿ.

ಆರಾಧನೆ ಮುಗಿದ ಮೇಲೆ ನಾನು ಹೊರಗಿನ ಬಾಗಿಲ ಹತ್ತಿರ ಒಂದು ವಹಿ ಇಟ್ಟುಕೊಂಡು ನಿಂತಿರುತ್ತೇನೆ. ರಾತ್ರಿ ಎಷ್ಟೊತ್ತಿಗೆ ಕರೆದರೂ ಎದ್ದು ಬರುತ್ತೇನೆ ಎನ್ನುವವರು ಅದರಲ್ಲಿ ಹೆಸರು ಮತ್ತು ಫೋನ್ ನಂಬರ್ ಬರೆಯಿರಿ. ಮೊದಲ ಸಾಲಿನಲ್ಲಿ ನನ್ನ ಹೆಸರಿದೆ. ಎರಡನೆಯ ಹೆಸರು ಆ ತಾಯಿಯದು, ನಿನ್ನೆ ಸಂಜೆ ಬಂದು ಹೆಬ್ಬೆಟ್ಟು ಒತ್ತಿ ಹೋಗಿದ್ದಾಳೆ.